ಅಂಗದ ಮೇಲಿನದು, ಗಂಟಿನೊಳಗಿನದು

ಉಳವಿ ಎಂದೊಡನೆ ವಾಚಕರ ಮನಸ್ಸು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ದಟ್ಟಡವಿಯತ್ತ, ಚೆನ್ನಬಸವಣ್ಣನವರು ಐಕ್ಯರಾದ ಕ್ಷೇತ್ರದತ್ತ ಹರಿಯುವುದು ಸಹಜ. ನಾವು ಇಲ್ಲಿ ಹೇಳಹೊರಟಿರುವುದು ಆ ಉಳವಿಯ ಮಾತಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ, ಅಡಿಕೆ ತೋಟಗಳ ಮತ್ತು ಭತ್ತದ ಗದ್ದೆಗಳ ನಡುವೆ, ಹೋಬಳಿಯ ಊರಾಗಿ ನಿಂತಿರುವ ಇನ್ನೊಂದು ಉಳವಿಯ ಮಾತು. ಜಾತ್ರೆಗೆಂದು ಬರೆದ ಕಾಗದಗಳು ಒಮ್ಮೊಮ್ಮೆ ದಾರಿ ತಪ್ಪಿ ಈ ಊರಿಗೆ ಬರುವುದುಂಟೆಂದು ಇಲ್ಲಿಯವರು ನಗುತ್ತ ಹೇಳುತ್ತಾರೆ.

ಹೆಸರು ಒಂದೇ ಆದುದರಿಂದ ಆ ಉಳವಿಯ ನೆನಪು ಈ ಉಳವಿಯಲ್ಲಿಯೂ ಬಾರದಿರದು. ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಆ ಅಡವಿಯನ್ನು ಸೇರಿದರೆಂಬುದು ನಮ್ಮ ಪರಂಪರೆಯ ಮಾತು. ಬೆನ್ನ ಹಿಂದೆ ಸೈನ್ಯ ಬರುತ್ತಿರುವಾಗ ಮನುಷ್ಯನು ಯಾವುದನ್ನು ಎತ್ತಿಕೊಳ್ಳುತ್ತಾನೆ, ಯಾವುದನ್ನು ಬಿಡುತ್ತಾನೆ ಎಂಬುದರಲ್ಲಿ ಅವನ ಮನಸ್ಸು ತಿಳಿಯುತ್ತದೆ. ಅವರು ಎತ್ತಿಕೊಂಡದ್ದು ತಾಳೆಗರಿಯ ಕಟ್ಟುಗಳನ್ನು. ಆ ಕಟ್ಟುಗಳನ್ನು ನಾವು ಮಠದಲ್ಲಿ ಓದುತ್ತಿದ್ದಾಗ ಕೈಯಾರೆ ಬಿಚ್ಚಿ ಕಟ್ಟಿದ್ದೇವೆ. ಗರಿಗಳ ಮೇಲೊಂದು ಕೆಳಗೊಂದು ಮರದ ಹಲಗೆ, ನಡುವೆ ತೂತಿನಲ್ಲಿ ಹಾಯುವ ದಾರ, ಹೊರಗೆ ಬಟ್ಟೆಯ ಸುತ್ತು, ಅಷ್ಟೇ. ಪ್ರಯಾಣಕ್ಕೆ ತಕ್ಕ ಗಂಟು ಎಂದರೆ ಅದು: ಹಗುರ, ಬಿಗಿ, ಒಳಗೆ ಅಲುಗಾಡಲು ಎಡೆಯಿಲ್ಲ. ಇಂತಹ ಕಟ್ಟುಗಳು ಮನೆಮನೆಗಳಲ್ಲಿ ಶತಮಾನಗಳ ಕಾಲ ಉಳಿದುಬಂದುದರಿಂದಲೇ ಫ. ಗು. ಹಳಕಟ್ಟಿಯವರು ಅವನ್ನು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಲು ಸಾಧ್ಯವಾಯಿತು.

ಈ ಸೀಮೆಗೆ ಇನ್ನೊಂದು ಪ್ರಯಾಣದ ನೆನಪೂ ಇದೆ. ನೆರೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹೊರಟ ಅಕ್ಕಮಹಾದೇವಿಯು ಅರಮನೆಯನ್ನೂ ಒಡವೆಯನ್ನೂ ಉಡುಗೆಯನ್ನೂ ಬಿಟ್ಟು ಕಲ್ಯಾಣದತ್ತ, ಅಲ್ಲಿಂದ ಶ್ರೀಶೈಲದತ್ತ ನಡೆದಳು. ಅವಳ ಬಳಿ ಇದ್ದುದು ಅಂಗೈಯ ಲಿಂಗವೊಂದೇ. ಗಂಟನ್ನು ಹೊತ್ತವರು ಒಂದು ಕಡೆ, ಗಂಟನ್ನೇ ತೊರೆದವಳು ಒಂದು ಕಡೆ. ಇಬ್ಬರಲ್ಲಿಯೂ ಲಿಂಗವು ಗಂಟಿನೊಳಗೆ ಇರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಈ ಲೇಖನವನ್ನು ಬರೆಯಲು ಕಾರಣವೂ ಅದೇ.

ಈಗ ಅದೇ ನೆಲದ ತಂದೆತಾಯಿಗಳು ವಿಮಾನವೇರುತ್ತಿದ್ದಾರೆ. ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಆದರೆ ವಿಮಾನ ನಿಲ್ದಾಣ ಬರುವ ಮೊದಲೇ ನಮ್ಮವರ ಪ್ರಯಾಣ ಆರಂಭವಾಗಿತ್ತು. ಮಗನೋ ಮಗಳೋ ಬೆಂಗಳೂರಿನ ಕಂಪ್ಯೂಟರ್ ಕೆಲಸದಿಂದ ಕಡಲಾಚೆಗೆ ಹೋದರು. ಅವರ ಮನೆಯಲ್ಲಿ ತೊಟ್ಟಿಲು ಕಟ್ಟುವ ಕಾಲ ಬಂದಾಗ ಅವ್ವನಿಗೆ ಟಿಕೆಟ್ ಬಂತು. ಸೊರಬದ ಪೇಟೆಯನ್ನು ದಾಟದಿದ್ದವರು ಸಾಗರವನ್ನೇ ದಾಟುತ್ತಾರೆ. ಸಾಮಾನು ಕಟ್ಟುವಾಗ ಶಾಸ್ತ್ರದ ಸಂದೇಹ ಬಂದರೆ ನಮ್ಮನ್ನು ಕೇಳುತ್ತಾರೆ. ಸುತ್ತಿಗೆಯಿಲ್ಲದ ಬಡಗಿಯನ್ನು ಕೇಳಿದಂತೆ ಎಂದು ಮೊದಮೊದಲು ನಮಗೆ ಅನಿಸುತ್ತಿತ್ತು. ಕೇಳುವವರು ಹೆಚ್ಚಾದಂತೆ ನಾವೂ ನಿಯಮಗಳನ್ನು ತರಿಸಿ ಓದಿದೆವು.

ಪೆಟ್ಟಿಗೆಯ ಆಯ್ಕೆಯಿಂದ ತೊಡಗೋಣ. ನಾವು ವಿದ್ಯಾರ್ಥಿಯಾಗಿ ಮಠಕ್ಕೆ ಹೋದಾಗ ಒಂದು ತಗಡಿನ ಟ್ರಂಕು, ಒಂದು ಹಾಸಿಗೆಯ ಸುರುಳಿ. ಟ್ರಂಕನ್ನು ತಲೆಯ ಮೇಲೆ ಹೊತ್ತರೆ ಸುರುಳಿ ಕಂಕುಳಲ್ಲಿ. ಪೆಟ್ಟಿಗೆಗೆ ಗಾಲಿ ಹಾಕುವ ಯೋಚನೆ ಯಾರಿಗೂ ಬರಲಿಲ್ಲ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬವರಿಗೆ ಗಾಲಿಯ ಸೂಟ್‌ಕೇಸಿನ ಪೇಟೆಂಟು ದೊರೆತದ್ದು 1972ರಲ್ಲಿ. ಅಂದರೆ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟು ಮೂರು ವರ್ಷಗಳಾದ ಮೇಲೆ. ನೆಟ್ಟಗೆ ನಿಲ್ಲಿಸಿ ಉದ್ದ ಹಿಡಿಕೆಯಿಂದ ಎಳೆಯುವ ಪೆಟ್ಟಿಗೆಯನ್ನು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕರು ರೂಪಿಸಿದ್ದು 1987ರಲ್ಲಿ. ಸಾವಿರಾರು ವರ್ಷ ಬಂಡಿ ಹೂಡಿದ ಮನುಷ್ಯಕುಲಕ್ಕೆ ಇಷ್ಟು ತಡವಾಗಿ ಹೊಳೆದ ಉಪಾಯವಿದು.

ಇಂದು ಪೇಟೆಯಲ್ಲಿ ಸಿಗುವ ಗಟ್ಟಿ ಪೆಟ್ಟಿಗೆಗಳನ್ನು ನೋಡಿ ಮರುಳಾಗಬಾರದು. ಮೊದಲು ಖಾಲಿ ಪೆಟ್ಟಿಗೆಯನ್ನು ತೂಗಬೇಕು. ದೊಡ್ಡ ಪೆಟ್ಟಿಗೆಯೊಂದು ತಾನೇ ನಾಲ್ಕೈದು ಕಿಲೋ ತೂಗಿದರೆ ಪ್ರಯಾಣಿಕನು ತೊಗಲನ್ನು ಹೊತ್ತು ತಿರುಳನ್ನು ಮನೆಯಲ್ಲಿ ಬಿಟ್ಟಂತಾಗುತ್ತದೆ. ಅಮೆರಿಕದ ಪ್ರಯಾಣಕ್ಕೆ ಸಾಮಾನ್ಯ ದರ್ಜೆಯಲ್ಲಿ 23 ಕಿಲೋ ತೂಕದ ಎರಡು ಪೆಟ್ಟಿಗೆಗಳೆಂಬುದು ಬಹುಕಾಲದ ವಾಡಿಕೆ. ಆದರೆ ಅಗ್ಗದ ಟಿಕೆಟಿಗೆ ಒಂದೇ ಪೆಟ್ಟಿಗೆ ಎನ್ನುವುದೂ ಇರುವುದರಿಂದ ಟಿಕೆಟಿನಲ್ಲಿ ಅಚ್ಚಾದುದನ್ನೇ ನಂಬಬೇಕು. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ 158 ಸೆಂಟಿಮೀಟರ್ ಮೀರಬಾರದು. ಊರೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ. ಶಿವಮೊಗ್ಗದಿಂದ ಬೆಂಗಳೂರಿಗೆ ಬೇರೆ ಟಿಕೆಟ್, ಬೆಂಗಳೂರಿನಿಂದ ಮುಂದಕ್ಕೆ ಬೇರೆ ಟಿಕೆಟ್ ಮಾಡಿಸಿದವರು ಮೊದಲ ಮೆಟ್ಟಿಲಲ್ಲಿಯೇ ಹೆಚ್ಚಿನ ಹಣ ತೆರಬೇಕಾಗುತ್ತದೆ. ಅಂಥವರು ಬೆಂಗಳೂರಿನವರೆಗೆ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹೋಗುವುದೇ ಲೇಸು. ತೂಕದ ವಿಷಯದಲ್ಲಿ ಮಾತ್ರ ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಡಿಕೆ ಚೀಲ ತೂಗುವ ಕಾಟಾ ಮನೆಯಂಗಳದಲ್ಲಿಯೇ ಇರುತ್ತದೆ. ಮಂಡಿಯಲ್ಲಿ ಕಾಲು ಕಿಲೋಗೂ ವಾದಿಸಿ ಗೆದ್ದು ಬಂದವರು ಸೂಟ್‌ಕೇಸನ್ನು ಅದರ ಮೇಲಿಟ್ಟು ಇಪ್ಪತ್ತೆರಡೂವರೆಗೆ ನಿಲ್ಲಿಸುತ್ತಾರೆ.

ಕಳೆದ ವರ್ಷ ಉಳವಿಯ ಒಂದು ಮನೆಗೆ ಹೀಗೆಯೇ ಹೋಗಿದ್ದೆವು. ಆ ಮನೆಯ ತಾಯಿ ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದರು. ಪಡಸಾಲೆಯ ತುಂಬ ಸಾಮಾನು. ಅಂಟು, ಒಣಶುಂಠಿ, ಓಮ, ಮೆಂತ್ಯ, ಅಪ್ಪೆಮಿಡಿಯ ಉಪ್ಪಿನಕಾಯಿ, ಹಳೆಯ ಸೀರೆಗಳ ಮೆತ್ತನೆಯ ಕೌದಿ, ಮೂಲೆಯಲ್ಲೊಂದು ಈಳಿಗೆಮಣೆ. ಎರಡೂ ಪೆಟ್ಟಿಗೆಗಳು ಬಾಯಿ ತೆರೆದು ಮಲಗಿದ್ದವು. ಒಂದು ಪೆಟ್ಟಿಗೆಯಲ್ಲಿ, ಸೀರೆಗಳ ಮಡಿಕೆಯ ನಡುವೆ, ಬಿಳಿಯ ವಸ್ತ್ರದಲ್ಲಿ ಸುತ್ತಿದ ಒಂದು ಚಿಕ್ಕ ಗಂಟು ಕಂಡಿತು. ಅದೇನೆಂದು ನಾವು ಕೇಳುವ ಮೊದಲೇ ಆ ತಾಯಿಯ ಕೈ ಎದೆಯ ಮೇಲೆ, ಬರಿದಾದ ಕಡೆಗೆ, ಹೋಯಿತು.

“ಮಗಳು ಫೋನು ಮಾಡಿದ್ಲು ಶಾಸ್ತ್ರಿಗಳೇ. ‘ಅವ್ವ, ಕೊರಳಲ್ಲಿರೋದನ್ನ ಸೂಟ್‌ಕೇಸಲ್ಲಿ ಇಟ್ಟುಬಿಡು, ಚೆಕಿಂಗಿನಲ್ಲಿ ಸುಮ್ನೆ ತೊಂದ್ರೆ’ ಅಂದ್ಲು. ಇಟ್ಟು ನೋಡ್ತಾ ಇದ್ದೆ. ಮನಸ್ಸು ಒಪ್ಪವಲ್ದು.”

ಮಗಳ ಮಾತಿನಲ್ಲಿ ಅಪನಂಬಿಕೆ ಇರಲಿಲ್ಲ. ಪರದೇಶದ ಸಾಲಿನಲ್ಲಿ ತಾಯಿ ನಾಲ್ಕು ಜನರೆದುರು ಕುಗ್ಗಬಾರದೆಂಬ ಕಕ್ಕುಲತೆ ಇತ್ತು. ಇದು ಒಂದು ಮನೆಯ ಮಾತಲ್ಲ. ಲಿಂಗವನ್ನು ಊರಿನ ದೇವರ ಕೋಣೆಯಲ್ಲಿಯೇ ಬಿಟ್ಟು ಹೋದವರನ್ನೂ, ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದವರನ್ನೂ ನಾವು ಬಲ್ಲೆವು. ಆದುದರಿಂದ ಆ ತಾಯಿಗೆ ಹೇಳಿದುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ.

ನಮ್ಮ ಅಷ್ಟಾವರಣಗಳನ್ನು ಒಮ್ಮೆ ಪ್ರಯಾಣಿಕನ ಕಣ್ಣಿನಿಂದ ನೋಡಬೇಕು. ಗುರು, ಜಂಗಮ, ಮಂತ್ರ ಇವು ತೂಕಕ್ಕೆ ಒಳಪಡುವ ವಸ್ತುಗಳಲ್ಲ. ಪಾದೋದಕ, ಪ್ರಸಾದಗಳು ಆಯಾ ಸಮಯಕ್ಕೆ ಆಗುವಂಥವು, ಸಂಗ್ರಹಿಸಿ ಒಯ್ಯುವಂಥವಲ್ಲ. ಪೆಟ್ಟಿಗೆಗೆ ಹೋಗಬಹುದಾದವು ವಿಭೂತಿ, ರುದ್ರಾಕ್ಷಿ ಎರಡೇ. ಉಳಿದ ಲಿಂಗವು ದೀಕ್ಷೆಯಲ್ಲಿ ಗುರುವು ಅಂಗೈಗೆ ಇತ್ತಂದಿನಿಂದ ಅಂಗದ ಮೇಲೆಯೇ ಇರತಕ್ಕದ್ದು. ಅದು ಸಾಮಾನಲ್ಲ, ಸಾಮಾನಿನ ಪಟ್ಟಿಯಲ್ಲಿ ಅದರ ಹೆಸರೇ ಬರಕೂಡದು. ಲಿಂಗ ಕಳೆದರೆ ಪ್ರಾಣವನ್ನೇ ತೊರೆಯಬೇಕೆಂಬ ಕಠೋರ ನಿಷ್ಠೆಯ ಮಾತುಗಳು ನಮ್ಮ ಸಾಹಿತ್ಯದಲ್ಲಿ ಉಂಟು. ಅವನ್ನು ಅಕ್ಷರಶಃ ಬೋಧಿಸುವವರು ನಾವಲ್ಲ. ಗುರುವಿನಿಂದ ಮತ್ತೆ ಪಡೆಯುವ ದಾರಿ ಇದ್ದೇ ಇದೆ. ಆದರೆ ಅಷ್ಟು ತೀವ್ರವಾಗಿ ನುಡಿದವರು ಯಾವುದನ್ನು ಕುರಿತು ನುಡಿದರೆಂಬುದನ್ನು ಮರೆತು, ಅದನ್ನು ಸೀರೆಯ ನಡುವೆ ಮಡಚಿಟ್ಟು, ಪರರ ಕೈಗೆ ಒಪ್ಪಿಸಿ, ಸಾವಿರಾರು ಮೈಲಿಯಾಚೆ ಮತ್ತೆ ಸಿಗಲೆಂದು ಕಾಯುವುದು ಸರಿಯೆಂದು ನಮಗೆ ತೋರುವುದಿಲ್ಲ.

“ಅವರು ತೆಗೀರಿ ಅಂದ್ರೆ ಏನು ಮಾಡ್ಲಿ?” ಎಂದು ಆ ತಾಯಿ ಕೇಳಿದರು. ಯೋಗ್ಯವಾದ ಪ್ರಶ್ನೆ. ಯಂತ್ರದ ಬಾಗಿಲು ಕೂಗುವುದು ಲಿಂಗವನ್ನು ಕಂಡಲ್ಲ, ಬೆಳ್ಳಿಯ ಕರಡಿಗೆಯನ್ನು ಕಂಡು. ಆದುದರಿಂದ ಪ್ರಯಾಣದ ದಿನ ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನು ಶುಭ್ರವಾದ ವಸ್ತ್ರದಲ್ಲಿ ಕಟ್ಟಿ ಶಿವದಾರದಿಂದ ಧರಿಸಿದರೆ ಅರ್ಧ ತೊಂದರೆ ನೀಗಿತು. ನಮ್ಮ ದೇಶದ ನಿಲ್ದಾಣಗಳಲ್ಲಿ ಹೆಂಗಸರ ತಪಾಸಣೆ ಪರದೆಯ ಮರೆಯಲ್ಲಿ, ಹೆಂಗಸರಿಂದಲೇ ನಡೆಯುತ್ತದೆ. ಅಮೆರಿಕದಲ್ಲಿ ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಮಾಡಿರೆಂದು ಕೇಳುವ ಹಕ್ಕು ಪ್ರತಿಯೊಬ್ಬ ಪ್ರಯಾಣಿಕರಿಗೂ ಇದೆ. ಜೊತೆಗೆ ಬಂದವರನ್ನು ಒಳಗೆ ಕರೆದುಕೊಳ್ಳಬಹುದು. ಅವರು ಕೇಳುವ ಮೊದಲೇ ‘ಇದು ನಮ್ಮ ಪೂಜೆಯ ಲಿಂಗ’ ಎಂದು ತಿಳಿಸಿ, ವಸ್ತ್ರ ಬಿಚ್ಚಿ, ನಮ್ಮ ಅಂಗೈಯಲ್ಲಿಯೇ ಇಟ್ಟು ತೋರಿಸಬೇಕು. ಲಿಂಗವು ಅಂಗೈಯ ಮೇಲೆ ಇದ್ದಷ್ಟು ಹೊತ್ತು ನಿಯಮಕ್ಕೆ ಭಂಗವಿಲ್ಲ; ಪೂಜೆಯಲ್ಲಿಯೂ ಅದು ಇರುವುದು ಅಲ್ಲಿಯೇ ಅಲ್ಲವೆ? ಅಧಿಕಾರಿಯು ತಟ್ಟೆಯಲ್ಲಿಟ್ಟು ಯಂತ್ರದೊಳಗೆ ಹಾಯಿಸಲೇಬೇಕೆಂದು ಹಟ ಹಿಡಿದರೆ ಜಗಳ ಬೇಡ. ವಸ್ತ್ರದ ಸಮೇತ ಇಟ್ಟು, ಮೊದಲು ಅದನ್ನು ಕಳುಹಿಸಿ, ಬೆನ್ನಿಗೇ ನಾವೂ ದಾಟಿ ಎತ್ತಿಕೊಳ್ಳಬೇಕು. ಪಂಚಸೂತಕಗಳನ್ನೇ ಅಲ್ಲಗಳೆದ ಧರ್ಮಕ್ಕೆ ಯಂತ್ರದ ಬೆಳಕಿನಿಂದ ಮೈಲಿಗೆಯಾಗದು. ನಾಲ್ಕು ಮಾರಿನ ದೂರ ಬೇರೆ, ಎರಡು ದಿನದ ಅಗಲಿಕೆ ಬೇರೆ.

ಇಷ್ಟು ಹೇಳಿದ ಮೇಲೆ ಆ ತಾಯಿ ಪೆಟ್ಟಿಗೆಯಿಂದ ಗಂಟನ್ನು ಎತ್ತಿ ಒಳಗೆ ಹೋದರು. ಹೊರಗೆ ಬಂದಾಗ ಹಣೆಯ ಮೇಲೆ ಹೊಸದಾಗಿ ವಿಭೂತಿ ಇತ್ತು. ಯಜಮಾನರು ಮಾತ್ರ “ಹಾಗಾದ್ರೆ ಇನ್ನೊಂದು ಕಾಲು ಕಿಲೋ ಉಪ್ಪಿನಕಾಯಿ ಹಿಡಿಸ್ತದೆ” ಎಂದರು.

ಉಪ್ಪಿನಕಾಯಿಯ ಮಾತು ಬಂದುದರಿಂದ ಅದನ್ನೇ ಮೊದಲು ಮುಗಿಸೋಣ. ವಿಮಾನವು ಎತ್ತರಕ್ಕೆ ಏರಿದಾಗ ಒಳಗಿನ ವಾಯುಭಾರವು ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ನಮ್ಮ ರಾಜ್ಯದಲ್ಲಿ ಎಲ್ಲಕ್ಕೂ ಎತ್ತರವಾದ ಮುಳ್ಳಯ್ಯನಗಿರಿಗಿಂತಲೂ ಮೇಲಿನ ಸ್ಥಿತಿ ಅದು. ಆಗ ಬಾಟಲಿಯೊಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿನಿಂದ ಎಣ್ಣೆಯನ್ನು ಹೊರದೂಡುತ್ತದೆ. ಪಿಂಗಾಣಿ ಜಾಡಿ ಬೇಡ. ತಿರುಗಣೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆಯ ಬಿಗಿತ, ಹೊರಗೆ ಎರಡು ಚೀಲ, ಅದರ ಸುತ್ತ ಹಳೆಯ ಪಂಚೆ. ಹೀಗೆ ಕಟ್ಟಿ ಪೆಟ್ಟಿಗೆಯ ನಡುಮಧ್ಯದಲ್ಲಿ ಇಡಬೇಕು. ಕೈಚೀಲದಲ್ಲಿ ಉಪ್ಪಿನಕಾಯಿ, ತುಪ್ಪಗಳನ್ನು ಒಯ್ಯಲಾಗದು. ಹೊರದೇಶದ ಪ್ರಯಾಣದಲ್ಲಿ ದ್ರವವೆಂದು ಎಣಿಸಲ್ಪಡುವ ಯಾವುದೂ ಕೈಚೀಲದಲ್ಲಿ 100 ಮಿಲಿಲೀಟರ್ ಮೀರಬಾರದೆಂಬ ನಿಯಮವು 2006ರಿಂದ ಬಂದಿದೆ. ಈಳಿಗೆಮಣೆ ಕೈಚೀಲಕ್ಕೆ ಸಲ್ಲದು. ಅಲಗಿಗೆ ರಟ್ಟು ಕಟ್ಟಿ ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಹೋಗುತ್ತದೆ. ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು. ಅದು ಕೈಚೀಲದಲ್ಲಿಯೇ ಇರಬೇಕು, ದೊಡ್ಡ ಪೆಟ್ಟಿಗೆಗೆ ನಿಷಿದ್ಧ.

ಬಾಣಂತಿಯ ಅಂಟಿನುಂಡೆಗೆ ಕೊಬ್ಬರಿ ಬೇಕು. ಕೊಬ್ಬರಿಯ ಗಿಟುಕುಗಳನ್ನು ವಿಮಾನದವರು ಒಲ್ಲರು. ಇದನ್ನು ಕೇಳಿ ಆ ಮನೆಯವರೆಲ್ಲ ನಕ್ಕರು. ಕಾರಣವಿದೆ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ಒತ್ತಾಗಿ ತುಂಬಿದಾಗ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗಕ್ಕೆ ಸೇರಿದೆ. ನಮ್ಮ ದೇಶದ ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆಯೂ 2022ರಲ್ಲಿ ಅದನ್ನು ನಿಷಿದ್ಧ ಪಟ್ಟಿಗೆ ಸೇರಿಸಿತು. ಶಬರಿಮಲೆಯ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಗೆ 2024ರ ಅಕ್ಟೋಬರಿನಿಂದ 2025ರ ಜನವರಿ 20ರವರೆಗೆ ಕೈಚೀಲದಲ್ಲಿ ವಿಶೇಷ ಅನುಮತಿ ಕೊಟ್ಟದ್ದನ್ನು ಕೆಲವರು ಎಲ್ಲರಿಗೂ ಎಲ್ಲ ಕಾಲಕ್ಕೂ ಕೊಟ್ಟದ್ದೆಂದು ತಿಳಿದಿದ್ದಾರೆ, ಹಾಗಲ್ಲ. ಕರ್ಪೂರ, ಬೆಂಕಿಪೊಟ್ಟಣಗಳನ್ನೂ ಪೆಟ್ಟಿಗೆಯಿಂದ ತೆಗೆಯಬೇಕು. ಇಷ್ಟಲಿಂಗಪೂಜೆಗೆ ಆರತಿಯಿಲ್ಲದಿದ್ದರೆ ಕೊರತೆಯೇನೂ ಇಲ್ಲ.

ಕಷ್ಟವಾದುದು ಬಿಲ್ವಪತ್ರೆಯ ವಿಷಯ. ಮೊಮ್ಮಗುವಿನ ನಾಮಕರಣಕ್ಕೆಂದು ಹಿತ್ತಲಿನ ಮರದ ಪತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಬೇಕೆಂದು ಆ ತಾಯಿಯ ಆಸೆ. ಪಕ್ಕದಲ್ಲಿಯೇ ಒಂದು ಹಿಡಿ ಕರಿಬೇವು. ಅಮೆರಿಕದ ಸರಕಾರ ಎರಡನ್ನೂ ಒಳಬಿಡದು. ಸಸ್ಯಶಾಸ್ತ್ರದಲ್ಲಿ ಬಿಲ್ವವೂ ಕರಿಬೇವೂ ನಿಂಬೆ, ಕಿತ್ತಳೆಗಳ ಕುಲಕ್ಕೇ ಸೇರಿದವು. ಆ ಕುಲದ ಗಿಡಗಳ ರಸ ಹೀರುವ ಒಂದು ಸಣ್ಣ ಕೀಟವು ಕಿತ್ತಳೆ ತೋಟಗಳನ್ನೇ ಒಣಗಿಸುವ ರೋಗವನ್ನು ಹರಡುತ್ತದೆ. ಆ ರೋಗವು 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡು ಅಲ್ಲಿಯ ತೋಟಗಾರರನ್ನು ನೆಲಕಚ್ಚಿಸಿತು. ಕ್ಯಾಲಿಫೋರ್ನಿಯಾವೂ ಕಿತ್ತಳೆಯ ನಾಡೇ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲವೆಲ್ಲ ಹೆದರಿ ಮದ್ದು ಹೊಡೆಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನರೇ ಎದ್ದು, “ಇನ್ನೊಬ್ಬರ ತೋಟಕ್ಕೆ ರೋಗ ಒಯ್ದು ಮಾಡೋ ಪೂಜೆ ಬೇಡ” ಎಂದು ಪತ್ರೆಯ ಗಂಟನ್ನು ಒಳಗಿಟ್ಟರು. ಗದ್ದೆಯ ಅಕ್ಕಿಯೂ ಹಿಂದೆಯೇ ಉಳಿಯಿತು. ಖಾಪ್ರಾ ಎಂಬ ಧಾನ್ಯದ ಕೀಟದ ಭಯದಿಂದ ನಮ್ಮ ದೇಶದ ಅಕ್ಕಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ಅವರು ಒಪ್ಪುವುದಿಲ್ಲ. ಪುಣ್ಯಕ್ಷೇತ್ರದ ಮಣ್ಣನ್ನು ಒಯ್ಯುವವರು ಕೆಲವರಿದ್ದಾರೆ. ಮಣ್ಣಿಗೂ ಅಪ್ಪಣೆಪತ್ರವಿಲ್ಲದೆ ಪ್ರವೇಶವಿಲ್ಲ. ಉಳಿದ ತಿನಿಸುಗಳ ವಿಷಯದಲ್ಲಿ ಅಧಿಕಾರಿ ಕೇಳಿದರೆ ಇರುವುದನ್ನು ಇದೆಯೆಂದು ಹೇಳಬೇಕು. ಹೇಳಿದವರ ವಸ್ತುವನ್ನು ಹೆಚ್ಚೆಂದರೆ ತೆಗೆದುಕೊಳ್ಳುತ್ತಾರೆ; ಮುಚ್ಚಿಟ್ಟವರಿಗೆ ದಂಡ ಹಾಕುತ್ತಾರೆ.

ವಿಭೂತಿಯನ್ನು ಪುಡಿ ಮಾಡದೆ ಗಟ್ಟಿಯಾಗಿಯೇ ಒಯ್ಯುವುದು ಮೇಲು. ಅಮೆರಿಕಕ್ಕೆ ಹೋಗುವ ವಿಮಾನಗಳ ಕೈಚೀಲದಲ್ಲಿ 350 ಮಿಲಿಲೀಟರ್ ಅಳತೆಗೆ ಮೀರಿದ ಪುಡಿಯಿದ್ದರೆ ವಿಶೇಷ ತಪಾಸಣೆ ಮಾಡುವ ಕ್ರಮ 2018ರ ಜೂನ್ 30ರಿಂದ ಇದೆ. ಒಂದು ಗಟ್ಟಿ ಕೈಚೀಲದಲ್ಲಿ ಸಾಕು. ಅದರ ಜೊತೆಗೆ ಒಂದು ಚಿಕ್ಕ ವಸ್ತ್ರ, ಔಷಧಿಗಳು ಅವುಗಳ ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿ, ಒಂದು ಜೊತೆ ಉಡುಗೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಮೊದಲ ನೇರ ವಿಮಾನ ಹಾರಿದ್ದು 2021ರ ಜನವರಿಯಲ್ಲಿ; ಆ ದಾರಿ ಹದಿನಾರು ಹದಿನೇಳು ಗಂಟೆಗಳದು. ನಡುವೆ ಇಳಿದು ಹತ್ತಿ ಹೋಗುವವರಿಗೆ ಒಂದು ಹಗಲೂ ಒಂದು ರಾತ್ರಿಯೂ ಸಾಲದು. ಕುಳಿತಲ್ಲಿಯೇ ಮುಖ ತೊಳೆದ ಕೈಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಕಣ್ಣು ನೆಟ್ಟರೆ ಪಕ್ಕದವರಿಗೆ ತಿಳಿಯುವುದೂ ಇಲ್ಲ. ಸೂರ್ಯೋದಯ ಯಾವಾಗ ಎಂದು ಕೇಳಿದವರಿಗೆ, ಊರಿನ ಗಡಿಯಾರವನ್ನೇ ಅನುಸರಿಸಿರೆಂದು ನಾವು ಹೇಳುತ್ತೇವೆ. ಬೇರೆ ಪಂಡಿತರು ಬೇರೆ ಹೇಳಬಹುದು.

ಪೆಟ್ಟಿಗೆಗಳೆಲ್ಲ ಕಪ್ಪಗೆ ಒಂದೇ ತೆರನಾಗಿರುವುದರಿಂದ ಗುರುತಿಗೆ ಕಾವಿಯ ಚೂರೊಂದನ್ನು ಕೊಡಿರೆಂದು ಕೇಳುವವರಿದ್ದಾರೆ. ಕಾವಿ ಅದಕ್ಕಲ್ಲ. ಹಳೆಯ ಇಳಕಲ್ಲ ಸೀರೆಯ ಸೆರಗು ಒಂದು ಗೇಣು ಸಾಕು, ಹತ್ತು ಮಾರು ದೂರಕ್ಕೆ ಕಾಣುತ್ತದೆ. ಹೆಸರು, ಫೋನ್ ನಂಬರುಗಳ ಚೀಟಿ ಹೊರಗೊಂದು ಒಳಗೊಂದು ಇರಲಿ. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರಿರಲಿ.

ಇಷ್ಟಾದರೂ ಪೆಟ್ಟಿಗೆ ಬಾರದೆ ಹೋಗುವುದುಂಟು. ಆಗ ನಿಲ್ದಾಣದಿಂದ ಹೊರಬೀಳುವ ಮೊದಲೇ ವಿಮಾನ ಸಂಸ್ಥೆಯ ಮೇಜಿನಲ್ಲಿ ದೂರು ಬರೆಸಿ ನಂಬರು ಪಡೆಯಬೇಕು. 1999ರ ಮಾಂಟ್ರಿಯಲ್ ಒಪ್ಪಂದವು ನಮ್ಮ ದೇಶಕ್ಕೆ 2009ರಿಂದ ಅನ್ವಯಿಸಿದೆ. ಅದರ ಪ್ರಕಾರ ಸಾಮಾನು ಒಡೆದು ಬಂದರೆ 7 ದಿನಗಳೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಸಲ್ಲಬೇಕು. ಕಳೆದುಹೋದರೆ ಪರಿಹಾರದ ಗರಿಷ್ಠ ಮಿತಿ ಒಬ್ಬ ಪ್ರಯಾಣಿಕರಿಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ 1,519 ಎಸ್.ಡಿ.ಆರ್.; 2024ರ ಡಿಸೆಂಬರ್ 28ರಿಂದ ಈ ಮೊತ್ತ ಜಾರಿಯಲ್ಲಿದೆ, ನಮ್ಮ ಹಣದಲ್ಲಿ ಒಂದೂವರೆ ಲಕ್ಷ ರೂಪಾಯಿಗೆ ಮೀರುತ್ತದೆ. ಸೀರೆಗೆ, ಕೌದಿಗೆ, ಈಳಿಗೆಮಣೆಗೆ ಬೆಲೆ ಬರೆದು ಕೊಡಬಹುದು. ಗುರುವಿತ್ತ ಲಿಂಗವನ್ನು ಆ ಪೆಟ್ಟಿಗೆಯಲ್ಲಿ ಇಟ್ಟಿದ್ದವರು ಆ ಕಾಗದದ ಮೇಲೆ ಅದರ ಮುಂದೆ ಯಾವ ಅಂಕಿಯನ್ನು ಬರೆದಾರು?

ಉಳವಿಯ ಆ ತಾಯಿಯ ಒಂದು ಪೆಟ್ಟಿಗೆ ಹಾಗೆಯೇ ಹಿಂದುಳಿದು ಎರಡು ದಿನ ತಡವಾಗಿ ಮಗಳ ಮನೆ ಸೇರಿತಂತೆ. ಬಾಣಂತಿಯ ಓಮ, ಅಂಟು ಅದರಲ್ಲಿಯೇ ಇದ್ದುದರಿಂದ ಅಲ್ಲಿಯ ಅಂಗಡಿಯಿಂದ ತಂದು ಸುಧಾರಿಸಿದರೆಂದು ಯಜಮಾನರು ಫೋನಿನಲ್ಲಿ ತಿಳಿದುಕೊಂಡು ನಮಗೆ ಹೇಳಿದರು. ಉಪ್ಪಿನಕಾಯಿ ಸೋರಿರಲಿಲ್ಲ.